ಐವತ್ಮೂರರಲ್ಲಿ ಇನ್ನೊಂದು ಮಗು: ಮೂಲ್ಕಿ ಕಡೆಯ ಒಂದು ಮನೆಯ ಪ್ರಕರಣ

ಗಂಡನಿಗೆ 53, ಹೆಂಡತಿಗೆ 41. ಅವರಿಗೆ ಇದು ಎರಡನೇ ಮದುವೆ, ಆಕೆಗೆ ಮೊದಲನೆಯದು. ಅವರ ಮೊದಲ ಹೆಂಡತಿ 2018ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ಮದುವೆಯ ಇಬ್ಬರು ಮಕ್ಕಳು ಈಗ ದೊಡ್ಡವರು. 24ರ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. 20ರ ಮಗ ಮನೆಯಿಂದಲೇ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿಬರುತ್ತಾನೆ. ಗಂಡ ಹೆಂಡತಿಗೆ ಈಗ ಒಂದು ಮಗು ಬೇಕು. 2024ರ ಮಳೆಗಾಲದಲ್ಲಿ ಮಂಗಳೂರಿನ ಒಂದು ಫರ್ಟಿಲಿಟಿ ಕ್ಲಿನಿಕ್ಕಿನ ಡಾಕ್ಟರು ಅವರನ್ನು ನನ್ನ ಹತ್ತಿರ ಕಳಿಸಿದರು. "ಇಬ್ಬರೂ ಬೇಕು ಅಂತಾರೆ. ಆದರೆ ಒಬ್ಬರ ಮುಖ ಒಬ್ಬರು ನೋಡಿ ಹೇಳ್ತಾ ಇಲ್ಲ. ಸ್ವಲ್ಪ ಮಾತಾಡಿ ನೋಡಿ" ಅಂತ ಫೋನಿನಲ್ಲಿ ಹೇಳಿದ್ದರು.

ನಾನು ಕುಟುಂಬ ಕೌನ್ಸೆಲರ್. ಮಗು ಮಾಡಿಕೊಳ್ಳಿ, ಬೇಡ ಅಂತ ಹೇಳುವುದು ನನ್ನ ಕೆಲಸ ಅಲ್ಲ. ಆದರೂ ಈ ಮನೆಯ ವಿಷಯದಲ್ಲಿ ನನಗೆ ನನ್ನದೇ ಅಭಿಪ್ರಾಯ ಇದೆ. ಅದನ್ನು ಮುಚ್ಚಿಟ್ಟು ಬರೆದರೆ ಓದುವವರಿಗೆ ಏನೂ ಸಿಗಲಿಕ್ಕಿಲ್ಲ. ಗಂಡ, ಹೆಂಡತಿ, ಇಬ್ಬರು ಮಕ್ಕಳು ನಾಲ್ವರೂ ಓದಿ ಒಪ್ಪಿದ್ದಾರೆ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಗಂಡ ಇಪ್ಪತ್ತು ವರ್ಷಕ್ಕೂ ಜಾಸ್ತಿ ಮಸ್ಕತ್ತಿನಲ್ಲಿದ್ದವರು. ಕಂಪನಿಯೊಂದರ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ. ವರ್ಷಕ್ಕೊಮ್ಮೆ ಊರಿಗೆ ಬರುವುದು, ಒಂದು ತಿಂಗಳು ಇದ್ದು ಹೋಗುವುದು. ಇಂಥ ಅಪ್ಪಂದಿರು ನಮ್ಮ ಕರಾವಳಿಯಲ್ಲಿ ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಕೋವಿಡ್ ಸಮಯದಲ್ಲಿ ಕೆಲಸ ಹೋಯಿತು, 2021ರಲ್ಲಿ ಊರು ಸೇರಿದರು. ಪೆನ್ಶನ್ ಇಲ್ಲ. ಬಂದ ಗ್ರಾಚ್ಯುಟಿ, ಅಷ್ಟಿಷ್ಟು ಉಳಿತಾಯ, ಸುರತ್ಕಲ್ಲಿನಲ್ಲಿ ಬಾಡಿಗೆಗೆ ಕೊಟ್ಟ ಎರಡು ಅಂಗಡಿ ಕೋಣೆ, ಒಂದು ಮನೆ. ಸಕ್ಕರೆ ಕಾಯಿಲೆ ಉಂಟು, ಮಾತ್ರೆಯಲ್ಲಿ ಹತೋಟಿಯಲ್ಲಿದೆ. 78ರ ತಾಯಿ ಜೊತೆಗಿದ್ದಾರೆ.

ಆಕೆ ಕಾಪು ಕಡೆಯವರು. ಉಡುಪಿಯ ಒಂದು ಸೊಸೈಟಿಯಲ್ಲಿ ಅಕೌಂಟ್ಸ್ ನೋಡುತ್ತಾರೆ. ದಿನಾ ಮೂಲ್ಕಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿಬರುತ್ತಾರೆ. ಅಪ್ಪ ಪಾರ್ಶ್ವವಾಯು ಬಡಿದು ಮಲಗಿದಾಗ ಆಕೆಗೆ 23. ತಮ್ಮನನ್ನು ಓದಿಸಿದ್ದು, ತಂಗಿಗೆ ಮದುವೆ ಮಾಡಿದ್ದು, ಅಪ್ಪನನ್ನು ಕೊನೆಯವರೆಗೆ ನೋಡಿಕೊಂಡದ್ದು ಎಲ್ಲ ಆಕೆಯೇ. ತನ್ನ ಮದುವೆ ಅಂತ ಯೋಚನೆ ಮಾಡುವಷ್ಟು ಪುರುಸೊತ್ತು ಆಗುವಾಗ 39 ಆಗಿತ್ತು. 2022ರಲ್ಲಿ ಈ ಮದುವೆ ಆಯಿತು.

ಎರಡು ಕಡೆ ಕೊಟ್ಟ ಮಾತು

ಇಬ್ಬರನ್ನೂ ಕೂರಿಸಿ ನಾನು ಮೊದಲು ಕೇಳಿದ್ದು ಇಷ್ಟೆ: ಮದುವೆ ಮಾತುಕತೆಯಲ್ಲಿ ಮಕ್ಕಳ ಬಗ್ಗೆ ಏನು ಮಾತಾಯಿತು? ಸಂಬಂಧ ತಂದವರು "ಅದೆಲ್ಲ ಮುಂದೆ ನೋಡುವ" ಅಂದಿದ್ದರಂತೆ. ಮುಂದೆ ಆಗಬಹುದು ಅಂತ ಆಕೆ ತಿಳಿದುಕೊಂಡರು. ಆ ವಿಷಯ ಅಲ್ಲಿಗೆ ಮುಗಿಯಿತು ಅಂತ ಗಂಡ ತಿಳಿದುಕೊಂಡರು. ಎರಡನೇ ಮದುವೆಗಳಲ್ಲಿ ಆಸ್ತಿ, ಬಂಗಾರ, ಊಟದ ಎಲೆ ಎಷ್ಟು ಅನ್ನುವುದೆಲ್ಲ ಬಿಡಿಬಿಡಿಯಾಗಿ ಮಾತಾಗುತ್ತದೆ. ಮಗುವಿನ ಮಾತು ಮಾತ್ರ ಸಂಕೋಚದಲ್ಲಿ ತೇಲಿಹೋಗುತ್ತದೆ.

ಇನ್ನೊಂದು ಸಂಗತಿ ಅವರು ಒಬ್ಬರೇ ಇದ್ದಾಗ ಹೊರಗೆ ಬಂತು. ಮದುವೆಗೆ ಒಪ್ಪಿಸುವಾಗ ಮಕ್ಕಳಿಗೆ ಅವರೊಂದು ಮಾತು ಕೊಟ್ಟಿದ್ದರು. "ನಿಮಗೆ ತಮ್ಮ ತಂಗಿ ಅಂತ ಯಾರೂ ಬರುವುದಿಲ್ಲ. ನನಗೆ ಒಂದು ಜೊತೆ ಬೇಕು, ಅಷ್ಟೆ." ಮಕ್ಕಳು ಒಪ್ಪಿದ್ದು ಆ ಮಾತಿನ ಮೇಲೆ. ಹೆಂಡತಿಗೆ ಈ ಮಾತು ಗೊತ್ತೇ ಇರಲಿಲ್ಲ.

ಅವರು ಕೇಳಿದರು, "ಮಕ್ಕಳಿಗೆ ಕೊಟ್ಟ ಮಾತು ಮುರಿದ ಹಾಗಾಗುವುದಿಲ್ಲವಾ ಮೇಡಂ?" ಆಗುತ್ತದೆ. ಆದರೆ ಆ ಮಾತು ಕೊಡುವ ಅಧಿಕಾರವೇ ಅವರಿಗೆ ಇರಲಿಲ್ಲ. ಮನೆಗೆ ಬರುವ ಹೆಂಗಸಿಗೆ ಮಗು ಬೇಕೋ ಬೇಡವೋ ಅನ್ನುವುದನ್ನು ಆಕೆಯನ್ನು ಕೇಳದೆ ಬೇರೆ ಯಾರ ಜೊತೆಗೂ ಚೌಕಾಶಿ ಮಾಡುವ ಹಾಗಿಲ್ಲ, ಸ್ವಂತ ಮಕ್ಕಳ ಜೊತೆಗೂ. ಹಾಗಂತ ಮಕ್ಕಳ ದೂರು ಸುಳ್ಳಾಗುವುದಿಲ್ಲ. ಅವರು ನಂಬಿದ್ದು ನಿಜ. ಮಾತು ತಪ್ಪಿದ್ದಕ್ಕೆ ಅಪ್ಪ ಅವರ ಮುಂದೆ ಕೂತು ಉತ್ತರ ಹೇಳಬೇಕು. ಅದನ್ನೂ ನೇರವಾಗಿಯೇ ಹೇಳಿದೆ. ಅವರಿಗೆ ಅಷ್ಟು ಹಿತವಾಗಲಿಲ್ಲ.

ಕಾನೂನಿನ ಗಡಿಯಾರ, ದೇಹದ ಗಡಿಯಾರ

ಡಾಕ್ಟರು ವಿವರಿಸಿದ್ದನ್ನು ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಸುತ್ತಮುತ್ತ ಓಡಾಡುವ ಅರ್ಧ ಮಾತು ಇಲ್ಲಿ ತಪ್ಪು. 2022ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆ ಪ್ರಕಾರ ಐವಿಎಫ್‌ನಂಥ (ಅಂಡಾಣು ಹೊರಗೆ ತೆಗೆದು, ಭ್ರೂಣ ಮಾಡಿ ಗರ್ಭಕ್ಕೆ ಸೇರಿಸುವ) ಚಿಕಿತ್ಸೆ ಕೊಡಬೇಕಾದರೆ ಹೆಂಗಸಿಗೆ 50, ಗಂಡಸಿಗೆ 55 ತುಂಬಿರಬಾರದು. ಈ ಜೋಡಿಯಲ್ಲಿ ಮೊದಲು ಮುಗಿಯುವುದು ಗಂಡನ ಗಡುವು. ಅವರಿಗೆ 2026ರಲ್ಲಿ 55 ಆಗುತ್ತದೆ. ಎಲ್ಲರೂ "ಅವಳಿಗೆ ವಯಸ್ಸಾಯ್ತು" ಅಂತ ಹೇಳುತ್ತಿರುವಾಗ ಕಾನೂನು ಇವರ ಕಡೆ ನೋಡುತ್ತಿತ್ತು!

ದೇಹದ ಲೆಕ್ಕ ಬೇರೆ. ಡೌನ್ ಸಿಂಡ್ರೋಮ್ (ಒಂದು ವರ್ಣತಂತು ಹೆಚ್ಚಿದ್ದು ಬುದ್ಧಿಯ ಬೆಳವಣಿಗೆ ನಿಧಾನವಾಗುವ ಸ್ಥಿತಿ) ಇರುವ ಮಗು ಹುಟ್ಟುವ ಸಾಧ್ಯತೆ ತಾಯಿಗೆ 35 ಆಗಿದ್ದರೆ ಸುಮಾರು 350ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು, 45ಕ್ಕೆ ಸುಮಾರು 30ಕ್ಕೆ ಒಂದು. ನಲವತ್ತು ದಾಟಿದ ಮೇಲೆ ಗರ್ಭ ನಿಂತರೂ ಮೂರಕ್ಕೊಂದಕ್ಕಿಂತ ಜಾಸ್ತಿ ಇಳಿದುಹೋಗುತ್ತವೆ. ಬಸುರಿಗೆ ಬಿಪಿ, ಸಕ್ಕರೆ ಬರುವುದೂ ಹೆಚ್ಚು. ಸ್ವಂತ ಅಂಡಾಣುವಿನಲ್ಲಿ ಈ ವಯಸ್ಸಿಗೆ ಐವಿಎಫ್ ಒಂದು ಸುತ್ತಿನಲ್ಲಿ ಫಲ ಕೊಡುವುದು ನೂರಕ್ಕೆ ಹತ್ತು, ಹೆಚ್ಚೆಂದರೆ ಹದಿನೈದು. ಜಾಹೀರಾತಿನಲ್ಲಿ ಕಾಣುವ ದೊಡ್ಡ ದೊಡ್ಡ ಅಂಕಿ ಮೂವತ್ತರ ಒಳಗಿನವರದ್ದು, ಇಲ್ಲವೇ ದಾನಿಯ ಅಂಡಾಣುವಿನದ್ದು. ಇದನ್ನು ಕೇಳಿ ಇಬ್ಬರ ಮುಖವೂ ಸಣ್ಣದಾಯಿತು.

ಅಪ್ಪನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ ಅಂತ ಗೊತ್ತಾದಾಗ ಅವರು ನಂಬಲೇ ಇಲ್ಲ. ಐಸ್‌ಲ್ಯಾಂಡಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅಪ್ಪನ ವಯಸ್ಸು ಒಂದೊಂದು ವರ್ಷ ಹೆಚ್ಚಿದ ಹಾಗೆ ಮಗುವಿಗೆ ಸುಮಾರು ಎರಡು ಹೊಸ ವಂಶವಾಹಿ ಬದಲಾವಣೆ ಜಾಸ್ತಿ ಹೋಗುತ್ತವೆ ಅಂತ ಅದು ತೋರಿಸಿತು. ಹೆಚ್ಚಿನವು ಏನೂ ಮಾಡುವುದಿಲ್ಲ. ಆದರೆ ಆಟಿಸಂ, ಸ್ಕಿಜೋಫ್ರೇನಿಯಾದಂಥ ಕೆಲವು ತೊಂದರೆಗಳ ಸಾಧ್ಯತೆ ತುಸು ಏರುತ್ತದೆ. ನಮ್ಮಲ್ಲಿ ಐವತ್ತೈದರ ಗಂಡಸಿಗೆ ಮಗುವಾದರೆ "ಗಟ್ಟಿ ಮನುಷ್ಯ ಮಾರಾಯ್ರೆ" ಅಂತಾರೆ. ನಲವತ್ತೆರಡರ ಹೆಂಗಸಿಗೆ ಆದರೆ "ನಾಚಿಕೆ ಬೇಡವಾ" ಅಂತಾರೆ. 2024ರ ಮಾರ್ಚಿನಲ್ಲಿ ಪಂಜಾಬಿನ ಗಾಯಕ ಸಿಧು ಮೂಸೆವಾಲಾ ಅವರ ತಾಯಿ 58ರಲ್ಲಿ ಹೆತ್ತಾಗಲೂ ಊರೆಲ್ಲ ಚರ್ಚೆಯಾದದ್ದು ತಾಯಿಯ ವಯಸ್ಸು. ಅಪ್ಪನದ್ದು ಎಷ್ಟು ಅಂತ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

"ದತ್ತು ತೆಗೆದುಕೊಳ್ಳಬಹುದಲ್ಲ?" ಅನ್ನುವ ಸಲಹೆ ಸುಲಭ. ಆಕೆಯ ಕಿವಿಗೆ ಅದು ಎಷ್ಟೋ ಸಲ ಬಿದ್ದಿತ್ತು. 2022ರ ದತ್ತು ನಿಯಮದಲ್ಲಿ ಗಂಡ ಹೆಂಡತಿಯ ವಯಸ್ಸು ಕೂಡಿಸುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಒಟ್ಟು 85 ದಾಟಬಾರದು. ಎರಡರಿಂದ ನಾಲ್ಕರವರೆಗೆ 90, ನಾಲ್ಕರಿಂದ ಎಂಟರವರೆಗೆ 100. ಇವರದ್ದು 94. ಅಂದರೆ ಕೂಸು ಸಿಗುವುದಿಲ್ಲ, ನಾಲ್ಕು ವರ್ಷ ದಾಟಿದ ಮಗು ಮಾತ್ರ. ಸಾಲದ್ದಕ್ಕೆ ಎರಡು ಮಕ್ಕಳಿರುವ ದಂಪತಿಗೆ ವಿಶೇಷ ಅಗತ್ಯದ ಮಕ್ಕಳು, ಬೇರೆ ಮನೆ ಸಿಗದೆ ಉಳಿದ ಮಕ್ಕಳು, ಇಷ್ಟಕ್ಕೇ ಅವಕಾಶ. ಒಳ್ಳೆಯ ದಾರಿಯೇ, ಅದಕ್ಕೆ ತಯಾರಾದವರಿಗೆ. ಇವರು ತಯಾರಿರಲಿಲ್ಲ, ಹಾಗಂತ ಹೇಳಿದರು ಕೂಡ. ಸುಮ್ನೆ ಹೂಂ ಅನ್ನುವುದಕ್ಕಿಂತ ಅದು ಒಳ್ಳೆಯದು.

ಒಂದು ಪ್ರಶ್ನೆಯನ್ನು ನಾನು ಒತ್ತಾಯ ಮಾಡಿ ಕೇಳಿದೆ. ಗರ್ಭ ನಿಂತು, ಪರೀಕ್ಷೆಯಲ್ಲಿ ಡೌನ್ ಸಿಂಡ್ರೋಮ್ ಅಂತ ಬಂದರೆ? ಹತ್ತನೇ ವಾರದ ನಂತರ ತಾಯಿಯ ರಕ್ತದಲ್ಲೇ ಅಂದಾಜು ಸಿಗುತ್ತದೆ. ಖಚಿತ ಆಗಬೇಕಾದರೆ ಹದಿನೈದನೇ ವಾರದ ನಂತರ ಗರ್ಭದ ನೀರು ತೆಗೆದು ನೋಡುತ್ತಾರೆ. ಅವರು ಕೂಡಲೇ "ಬೇಡ" ಅಂದರು. ಆಕೆ "ನನಗೆ ಗೊತ್ತಿಲ್ಲ" ಅಂದರು. ಇದಕ್ಕೆ ಸರಿ ಉತ್ತರ ಅಂತ ನನ್ನ ಹತ್ತಿರ ಇಲ್ಲ. ಆದರೆ ವಯಸ್ಸಾದ ಮೇಲೆ ಮಗು ಮಾಡಿಕೊಳ್ಳುವವರು ಈ ಮಾತನ್ನು ಮುಂದೂಡಬಾರದು. ಕೊಕ್ಕಡದ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ಅಂಗವಿಕಲರಾದ ಮಕ್ಕಳ ಅಪ್ಪ ಅಮ್ಮಂದಿರಿಗೆ ವಯಸ್ಸಾಗುತ್ತಾ ಬಂದಿದೆ. "ನಮ್ಮ ನಂತರ ಇವನಿಗೆ ಯಾರು?" ಅನ್ನುವುದೇ ಅವರ ದೊಡ್ಡ ಚಿಂತೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಇಂಥ ಮಕ್ಕಳಿಗೆ ಪೋಷಕರನ್ನು ನೇಮಿಸಲು ಜಿಲ್ಲಾ ಮಟ್ಟದಲ್ಲಿ ಸಮಿತಿ ಇದೆ. ಆದರೆ ಸಮಿತಿ ನೇಮಿಸುವುದಕ್ಕೂ ಒಬ್ಬ ಮನುಷ್ಯ ಬೇಕಲ್ಲ.

ಸ್ಕೇಲ್ ಇಟ್ಟು ಗೆರೆ ಎಳೆದ ಹಾಳೆ

ಆ ಮನುಷ್ಯ ಯಾರು ಅನ್ನುವುದು ಮುಂದಿನ ಸಲ ಅವರು ಬಂದಾಗ ಗೊತ್ತಾಯಿತು.

ಗಂಡ ಒಂದು ಹಾಳೆ ತಂದಿದ್ದರು. ಸ್ಟೋರ್ಸ್‌ನಲ್ಲಿ ಲೆಡ್ಜರ್ ಬರೆದ ಕೈ, ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ಎಡಗಡೆ ಇಸವಿ, ಆಮೇಲೆ ಮಗುವಿನ ವಯಸ್ಸು, ತನ್ನದು, ಹೆಂಡತಿಯದು. 2025ರಲ್ಲಿ ಮಗು ಹುಟ್ಟಿದರೆ ತನಗೆ 54, ಆಕೆಗೆ 42. 2031ರಲ್ಲಿ ಒಂದನೇ ಕ್ಲಾಸು: 60, 48. 2041ರಲ್ಲಿ ಎಸ್ಸೆಸ್ಸೆಲ್ಸಿ: 70, 58. 2046ರಲ್ಲಿ ಡಿಗ್ರಿ ಮುಗಿಯುವಾಗ 75, 63. ಕೊನೆಯ ಕಾಲಮ್ಮಿಗೆ "ಜವಾಬ್ದಾರಿ" ಅಂತ ತಲೆಬರಹ. 2035ರವರೆಗೆ ಅದರಲ್ಲಿ "ನಾನು". ಅಲ್ಲಿಂದ ಕೆಳಗೆ ಪ್ರತಿ ಸಾಲಿನಲ್ಲೂ ಮಗಳ ಹೆಸರಿನ ಮೊದಲ ಅಕ್ಷರ. ನೀಲಿ ಪೆನ್ನಿನಲ್ಲಿ, ನೀಟಾಗಿ, ಒಂದರ ಕೆಳಗೆ ಒಂದು.

ಅವರ ಮಟ್ಟಿಗೆ ಅದು ಪ್ರಾಮಾಣಿಕ ಕೆಲಸ. "ಕಣ್ಣು ಮುಚ್ಚಿಕೊಂಡು ಮಾಡ್ತಾ ಇಲ್ಲ ಮೇಡಂ, ಎಲ್ಲ ಯೋಚನೆ ಮಾಡಿದ್ದೇನೆ" ಅಂದರು.

ಹೆಂಡತಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಓದಿದರು. ಬೆರಳು ಕೊನೆಯ ಕಾಲಮ್ಮಿನ ಮೇಲೆ ಇಳಿಯುತ್ತಾ ಹೋಯಿತು. "ಇದರಲ್ಲಿ ನಾನು ಎಲ್ಲಿದ್ದೇನೆ?"

ಅವರು ಆಕೆಯ ವಯಸ್ಸಿನ ಕಾಲಮ್ಮು ತೋರಿಸಿದರು.

"ಅದಲ್ಲ. 2041ರಲ್ಲಿ ನನಗೆ 58. ಇನ್ನೂ ಕೆಲಸದಲ್ಲಿ ಇರುತ್ತೇನೆ. ನನ್ನ ಮಗುವಿನ ಜವಾಬ್ದಾರಿ ನನ್ನದಲ್ಲವಾ? ಅವಳ ಹೆಸರು ಯಾಕೆ ಬಂತು? ಅವಳಿಗೆ ಇದನ್ನು ತೋರಿಸಿದ್ದೀರಾ?"

"ಅವಳು ಇಲ್ಲ ಅನ್ನುವವಳಲ್ಲ."

"ನಾನೂ ಇಲ್ಲ ಅನ್ನುವವಳಾಗಿರಲಿಲ್ಲ" ಅಂದರು ಆಕೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. 2041ರಲ್ಲಿ ಆ ಮಗಳಿಗೆ 41 ಆಗುತ್ತದೆ. ಈಗ ಎದುರು ಕೂತ ಹೆಂಗಸಿಗೆ ಇರುವಷ್ಟೇ ವಯಸ್ಸು. ಇಪ್ಪತ್ಮೂರರ ಹುಡುಗಿಯ ತಲೆಯ ಮೇಲೆ ಮನೆಯೊಂದು ಹೇಗೆ ಬಂದು ಕೂರುತ್ತದೆ, ಇಳಿಸುವಾಗ ಎಷ್ಟು ವರ್ಷ ಕಳೆದಿರುತ್ತದೆ ಅನ್ನುವುದು ಅಲ್ಲಿದ್ದವರಲ್ಲಿ ಆಕೆಗೆ ಮಾತ್ರ ಗೊತ್ತಿತ್ತು.

ನನ್ನ ಅಭಿಪ್ರಾಯ ಗಟ್ಟಿಯಾದದ್ದು ಇಲ್ಲಿ. ತಡವಾಗಿ ಮಗು ಮಾಡಿಕೊಳ್ಳುವುದು ಸರಿಯಾ ಅಂತ ಚರ್ಚೆ ಬಂದಾಗ ಎಲ್ಲರೂ ಅಪ್ಪ ಅಮ್ಮನ ವಯಸ್ಸು ಕೂಡಿಸಿ ಕಳೆಯುತ್ತಾರೆ. ವಯಸ್ಸು ತಪ್ಪಲ್ಲ. ಮೂವತ್ತರ ಅಪ್ಪನೂ ಹೈವೇಯಲ್ಲಿ ಸಾಯುತ್ತಾನೆ, ಎಪ್ಪತ್ತರ ಅಪ್ಪನೂ ಮಗನ ಜೊತೆ ಬಂಗುಡೆ ತರಲು ಹೋಗುತ್ತಾನೆ. ತಪ್ಪು ಬರುವುದು ತನ್ನ ಆಸೆಗೆ ಇನ್ನೊಬ್ಬರ ಆಯುಷ್ಯವನ್ನು ಅವರಿಗೆ ಹೇಳದೆ ಬರೆದಿಡುವಾಗ. ಆ ಇನ್ನೊಬ್ಬರು ಹೆಚ್ಚಾಗಿ ಹಿರಿಮಗಳೇ ಆಗಿರುತ್ತಾಳೆ.

ತತ್ತ್ವಶಾಸ್ತ್ರ ಓದಿದವರು ಇಲ್ಲಿ ಒಂದು ಜಾಣ ಪ್ರಶ್ನೆ ಹಾಕುತ್ತಾರೆ. ತಡವಾಗಿ ಹುಟ್ಟುವುದು ಮಗುವಿಗೆ ಅನ್ಯಾಯ ಅಂದರೆ, ಆ ಮಗುವಿಗೆ ಬೇರೆ ಯಾವ ದಾರಿ ಇತ್ತು? ಚಿಕ್ಕ ವಯಸ್ಸಿನ ಅಪ್ಪನಿಗೆ ಹುಟ್ಟಿದ್ದರೆ ಅದು ಬೇರೆಯೇ ಮಗು. ಒಪ್ಪುತ್ತೇನೆ. ಆದರೆ ಹುಟ್ಟದ ಮಗುವಿಗೆ ಅನ್ಯಾಯ ಆಗಿಲ್ಲ ಅಂತ ಸಾಧಿಸಿದರೂ ಹುಟ್ಟಿ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುತ್ತಿರುವ ಮಗಳ ಲೆಕ್ಕ ಹಾಗೇ ಉಳಿಯುತ್ತದೆ.

ಮಕ್ಕಳು ಹೇಳಿದ್ದು

ಮಗಳು ಶನಿವಾರ ರಾತ್ರಿ ಬಸ್ಸು ಹತ್ತಿ ಬಂದಳು. ಅಣ್ಣನೂ ಇಲ್ಲ, ಅಕ್ಕನೂ ಇಲ್ಲದ ಹಿರಿಮಗಳು. ಬಹಳ ಮರ್ಯಾದೆಯಿಂದ ಮಾತಾಡುತ್ತಾಳೆ. ಮರ್ಯಾದೆ ಜಾಸ್ತಿಯಾದರೆ ನನಗೆ ಹೆದರಿಕೆ.

2018ರಲ್ಲಿ ಅಮ್ಮನ ಬೊಜ್ಜ (ಉತ್ತರಕ್ರಿಯೆ) ಮುಗಿಸಿ ಅಪ್ಪ ಮಸ್ಕತ್ತಿಗೆ ವಾಪಸ್ ಹೋಗಿದ್ದರು. ಹೋಗದೆ ಉಪಾಯ ಇರಲಿಲ್ಲ, ಆಸ್ಪತ್ರೆಯ ಸಾಲ ಇತ್ತು. ಆಗ ಮಗಳಿಗೆ 18, ತಮ್ಮನಿಗೆ 14. ಅಜ್ಜಿ ಇದ್ದರು, ಆದರೆ ತಮ್ಮನ ಶಾಲೆಯ ಮೀಟಿಂಗಿಗೆ ಹೋದದ್ದು, ಜ್ವರಕ್ಕೆ ಡಾಕ್ಟರ ಹತ್ತಿರ ಓಡಿದ್ದು, ಬೆಳಿಗ್ಗೆ ನೀರುದೋಸೆ ಎರೆದು ಟಿಫಿನ್ ಕಟ್ಟಿದ್ದು ಅವಳು. ಬೆಂಗಳೂರಿನ ಕಾಲೇಜಿಗೆ ಹೋಗುವ ಆಸೆ ಬಿಟ್ಟು ಊರಿನಲ್ಲೇ ಡಿಗ್ರಿ ಮಾಡಿದಳು. ಅಪ್ಪ ಬಂದ ಮೇಲೆಯೇ ಅವಳು ಹೊರಗೆ ಕಾಲಿಟ್ಟದ್ದು.

ಹಾಳೆಯನ್ನು ಅಪ್ಪನೇ ಅವಳ ಕೈಗೆ ಕೊಟ್ಟರು. ಕೊಡಲೇಬೇಕು ಅಂತ ಹೆಂಡತಿ ಹಟ ಹಿಡಿದಿದ್ದರು. ಅವಳು ಓದಿ, ಮಡಚಿ, ಮೇಜಿನ ಮೇಲಿಟ್ಟಳು. "ಪಪ್ಪ, ಒಂದು ಸಲ ಆಯ್ತಲ್ಲ" ಅಂದಳು. ಅಷ್ಟೇ. ಆಮೇಲೆ ಹೇಳಿದ್ದು, ಮಗು ಬೇಡ ಅಂತ ತಾನು ಯಾವತ್ತೂ ಹೇಳುವುದಿಲ್ಲ, ಆಂಟಿಗೆ ಅದು ಬೇಕಿದ್ದರೆ ಅವರ ಹಕ್ಕು, ಮಗು ಬಂದರೆ ತಾನು ಅಕ್ಕನಾಗಿರುತ್ತೇನೆ, ಎರಡನೇ ಸಲ ಅಮ್ಮನಾಗಲಾರೆ.

ಮಗನದ್ದು ಬೇರೆ ಸಿಟ್ಟು. ಶುರುವಿನಲ್ಲಿ ಅವನು ಆಸ್ತಿಯ ಮಾತಾಡಿದ. ಅಮ್ಮನ ಬಂಗಾರ ಏನಾಗುತ್ತದೆ, ಅಮ್ಮನ ಹೆಸರಲ್ಲಿದ್ದ ಐದು ಸೆಂಟ್ಸ್ ಜಾಗ ಯಾರಿಗೆ ಹೋಗುತ್ತದೆ? ವಕೀಲರೊಬ್ಬರನ್ನು ಕೇಳಿದಾಗ ಅರ್ಧ ಗಂಟೆಯಲ್ಲಿ ಮುಗಿಯಿತು. ಇದು ಅಳಿಯಸಂತಾನ ಕಟ್ಟಿನ ಕುಟುಂಬ, ಅಂದರೆ ವಂಶ ತಾಯಿಯ ಕಡೆಯಿಂದ ಲೆಕ್ಕವಾಗುವ ಕರಾವಳಿಯ ಪದ್ಧತಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 17ನೇ ಕಲಮಿನ ಪ್ರಕಾರ ಈ ಕಟ್ಟಿನ ಹೆಂಗಸು ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ಮೊದಲು ಹೋಗುವುದು ಮಕ್ಕಳಿಗೆ ಮತ್ತು ಆಕೆಯ ತಾಯಿಗೆ. ಗಂಡ ಮೊದಲ ಸಾಲಿನಲ್ಲಿ ಇಲ್ಲ. ಹೊಸ ಮಗುವಿಗೆ ಅದರಲ್ಲಿ ಏನೂ ಬರುವುದಿಲ್ಲ. ಅಪ್ಪನ ಸ್ವಂತ ಸಂಪಾದನೆಯ ಕಥೆ ಬೇರೆ. ಅವರು ಉಯಿಲು ಬರೆಯದೆ ಹೋದರೆ ತಾಯಿ, ಹೆಂಡತಿ, ಇಬ್ಬರು ಮಕ್ಕಳಿಗೆ ಈಗ ನಾಲ್ಕು ಸಮ ಪಾಲು. ಮಗು ಬಂದರೆ ಐದು. ಇದನ್ನು ಹೇಳಿದಾಗ ಅವನು ತಲೆ ಆಡಿಸಿದ. ಸಿಟ್ಟು ಇಳಿಯಲಿಲ್ಲ. ಇಳಿಯದಿದ್ದಾಗ ನನಗೆ ಅನುಮಾನ ಬಂತು, ವಿಷಯ ಆಸ್ತಿಯದಲ್ಲ.

ಅಪ್ಪ ಅವನ ಎದುರಿನಲ್ಲೇ ಒಂದು ಮಾತು ಹೇಳಿದ್ದರು. ತಪ್ಪು ಉದ್ದೇಶದಿಂದ ಹೇಳಿದ್ದಲ್ಲ. "ನಿಮ್ಮಿಬ್ಬರ ಬಾಲ್ಯ ನಾನು ಫೋನಿನಲ್ಲಿ ನೋಡಿದೆ. ಒಂದು ಮಗುವನ್ನಾದರೂ ಕೈಯಲ್ಲಿ ಹಿಡಿದು ಬೆಳೆಸಬೇಕು ಅಂತ ಆಸೆ."

ಮಗ ನೆಲ ನೋಡುತ್ತಾ ಕೂತಿದ್ದ. "ನಮಗೆ ಸಿಗದ ಪಪ್ಪ ಅದಕ್ಕೆ ಸಿಗುತ್ತಾರೆ. ಒಳ್ಳೆಯದು" ಅಂದ.

ಈ ಮಾತಿಗೆ ಕಾಯ್ದೆಯ ಯಾವ ಕಲಮಿನಲ್ಲೂ ಉತ್ತರ ಇಲ್ಲ. ಗಲ್ಫಿಗೆ ಹೋದ ಅಪ್ಪ ಮಕ್ಕಳಿಗಾಗಿಯೇ ಹೋದದ್ದು, ಅದು ಮಕ್ಕಳಿಗೂ ಗೊತ್ತು. ಫೀಸು ಕಟ್ಟಿದ್ದು, ಮನೆ ಕಟ್ಟಿದ್ದು, ಅಮ್ಮನ ಕೀಮೋಗೆ ದುಡ್ಡು ಬಂದದ್ದು ಅಲ್ಲಿಂದ. ಆದರೂ ಹದಿನಾಲ್ಕರ ಹುಡುಗ ಅಮ್ಮನಿಲ್ಲದ ಮನೆಯಲ್ಲಿ ರಾತ್ರಿ ವಿಡಿಯೋ ಕಾಲ್ ಮುಗಿಸಿ ಮಲಗಿದ್ದೂ ನಿಜ. ಅಪ್ಪನಿಗೆ ಎರಡನೇ ಅವಕಾಶ ಸಿಗಬಾರದು ಅಂತ ನಾನು ಹೇಳಲಾರೆ. ಸಿಗಬಹುದು. ಆದರೆ ಮೊದಲನೇ ಸಲ ಬಿಟ್ಟುಹೋದದ್ದನ್ನು ಮೂರನೇ ಮಗುವಿನ ಮೇಲೆ ತೀರಿಸಿಕೊಂಡರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಮಗ ಇನ್ನೂ ಮನೆಯಲ್ಲೇ ಇದ್ದಾನೆ, ಬರೀ ಇಪ್ಪತ್ತು ವರ್ಷ. ಅವರು ಬೆಳೆಸಬೇಕಾದ ಮಗು ಎದುರಿಗೇ ಕೂತಿತ್ತು.

ಅವನಿಗೆ ತಡೆಯುವ ಹಕ್ಕು ಇದೆಯಾ? ಇಲ್ಲ ಅಂತಲೇ ನನ್ನ ಉತ್ತರ. ದೊಡ್ಡ ಮಕ್ಕಳಿಗೆ ಮೊದಲೇ ತಿಳಿಯುವ ಹಕ್ಕಿದೆ, ಬೇರೆಯವರ ಬಾಯಿಂದ ಕೇಳದಿರುವ ಹಕ್ಕಿದೆ, ಹೊರೆ ಬೇಡ ಅನ್ನುವ ಹಕ್ಕಿದೆ. ಅಪ್ಪನ ಹೆಂಡತಿಗೆ ಮಗು ಬೇಡ ಅನ್ನುವ ಹಕ್ಕಿಲ್ಲ. ಆಕೆ ಆ ಮನೆಗೆ ಬಂದದ್ದು ಅಡುಗೆಗೆ, ಅತ್ತೆಯ ಮಾತ್ರೆ ಕೊಡಲಿಕ್ಕೆ ಮಾತ್ರ ಅಲ್ಲ.

ಅಜ್ಜಿ ಮತ್ತು ಸೋದರಮಾವ

ಇಷ್ಟೆಲ್ಲ ಆದರೂ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ನಾನು ಮನೆಗೆ ಹೋದ ದಿನ ಅವರು ಚಾವಡಿಯಲ್ಲಿ ಕೂತು ಬಸಳೆ ಬಿಡಿಸುತ್ತಿದ್ದರು. ಕೇಳಿದರೆ ನಕ್ಕುಬಿಟ್ಟರು. "ನನ್ನ ಕಡೇ ತಮ್ಮ ನನ್ನ ದೊಡ್ಡ ಮಗಳಿಗಿಂತ ಚಿಕ್ಕವ. ಆಗಿನ ಮನೆಯ ಚಾವಡಿಯಲ್ಲಿ ಎರಡು ತೊಟ್ಟಿಲು. ಅಮ್ಮನದ್ದೊಂದು, ನನ್ನದೊಂದು. ಅವ ಅತ್ತರೆ ನಾನೇ ಎದೆಗೆ ಹಾಕಿಕೊಂಡದ್ದುಂಟು. ಆಗ ಯಾರಿಗೆ ನಾಚಿಕೆ ಇತ್ತು ಮಗಾ?"

ಆ ಕಾಲ ಒಳ್ಳೆಯದಿತ್ತು ಅಂತ ನಾನು ಹೇಳುತ್ತಿಲ್ಲ. ಆ ಹೆರಿಗೆಗಳಲ್ಲಿ ಎಷ್ಟು ಹೆಂಗಸರು ಹೋದರು ಅನ್ನುವುದನ್ನೂ ಅಜ್ಜಿಯೇ ಹೇಳಿದರು. ಆದರೆ ಅವರ ಮಾತಿನಿಂದ ಒಂದು ಸಂಗತಿ ನನಗೆ ಹೊಳೆಯಿತು. ಅಳಿಯಸಂತಾನದ ಹಳೇ ಕುಟುಂಬದ ಮನೆಯಲ್ಲಿ ಮಗುವಿನ ಹೊಣೆ ಅಪ್ಪನ ಆಯುಷ್ಯಕ್ಕೆ ಕಟ್ಟಿಕೊಂಡಿರಲಿಲ್ಲ. ಮಗು ತಾಯಿಯ ಬರಿಗೆ (ಗೋತ್ರದಂಥ ಕುಲಕ್ಕೆ) ಸೇರಿದ್ದು, ಹೊಣೆ ಸೋದರಮಾವನದ್ದು. ಅಪ್ಪನಿಗೆ ಅರವತ್ತಾದರೇನು ಎಪ್ಪತ್ತಾದರೇನು! 1949ರ ಅಳಿಯಸಂತಾನ ಕಾಯ್ದೆ, ಆಮೇಲೆ 1956ರದ್ದು, ಜೊತೆಗೆ ಮುಂಬೈ, ಗಲ್ಫು ಎಲ್ಲ ಸೇರಿ ಆ ಮನೆಗಳು ಪಾಲಾದವು. ಬರಿಯ ಲೆಕ್ಕ ಈಗ ಮದುವೆ ಸಂಬಂಧ ನೋಡುವಾಗ, ದೈವದ ಕಾರ್ಯದಲ್ಲಿ ಮಾತ್ರ ಬರುತ್ತದೆ. ಆ ಲೆಕ್ಕದಲ್ಲಿ ದೊಡ್ಡ ಮಕ್ಕಳಿಬ್ಬರದ್ದು ಒಂದು ಬರಿ, ಹುಟ್ಟುವ ಮಗುವಿನದ್ದು ಇನ್ನೊಂದು. ಮಗಳ ಹೆಸರು ಹಾಳೆಯಲ್ಲಿ ಬಂದದ್ದು ಹಳೇ ಕಟ್ಟಿಗೂ ಹೊಂದುವುದಿಲ್ಲ ಅಂತಾಯಿತು.

ಹಾಗಾದರೆ ಆಕೆಯ ತಮ್ಮ? ಅವರು ಥಾಣೆಯಲ್ಲಿ ಹೋಟೆಲ್ ನಡೆಸುತ್ತಾರೆ. ಅಕ್ಕ ಓದಿಸಿ, ಕೈಹಿಡಿದು ಮೇಲೆ ತಂದ ಹುಡುಗ. ಅಕ್ಕ ಯಾವತ್ತೂ ಏನನ್ನೂ ಕೇಳಿದವರಲ್ಲ. ಆ ದಿನ ಕೇಳಿದರು, ನನ್ನ ಕೋಣೆಯಿಂದಲೇ, ಫೋನ್ ಸ್ಪೀಕರ್‌ಗೆ ಹಾಕಿ. ವಿಷಯ ಹೇಳಿ, "ನಾಳೆ ಉತ್ತರ ಹೇಳು, ಈಗಲೇ ಬೇಡ. ನಿನ್ನ ಹೆಂಡತಿಯನ್ನೂ ಕೇಳು" ಅಂದರು. ಬೇರೆಯವರ ಮೇಲೆ ಹೊರೆ ಇಡುವಾಗ ಹೇಗೆ ಕೇಳಬೇಕು ಅನ್ನುವುದಕ್ಕೆ ನಾನು ಇದಕ್ಕಿಂತ ಒಳ್ಳೆಯ ರೀತಿ ನೋಡಿಲ್ಲ. ಎರಡು ದಿನ ಬಿಟ್ಟು ತಮ್ಮ, ಅವರ ಹೆಂಡತಿ ಇಬ್ಬರೂ ಫೋನ್ ಮಾಡಿ ಮಗುವಿನ ಹೊಣೆಗೆ ಒಪ್ಪಿದರು.

ಈಗ ಎಲ್ಲಿಗೆ ಬಂದಿದೆ

ಅಪ್ಪ ಉಯಿಲು ಬರೆದರು. ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯ ಅಲ್ಲ. ಆದರೂ ನೋಂದಾಯಿಸಿದರು. ಮನೆ ಮತ್ತು ಅಂಗಡಿ ಕೋಣೆ ದೊಡ್ಡ ಮಕ್ಕಳಿಬ್ಬರಿಗೆ, ಹೆಂಡತಿಗೆ ಜೀವಮಾನವಿಡೀ ಮನೆಯಲ್ಲಿರುವ ಹಕ್ಕು. ಹುಟ್ಟುವ ಮಗುವಿಗೆ ಜಾಗ ಬರೆಯಬೇಡಿ ಅಂತ ವಕೀಲರೇ ಹೇಳಿದರು. ಅಪ್ರಾಪ್ತ ಮಗುವಿನ ಜಾಗ ಮಾರಬೇಕಾದರೆ ತಾಯಿಯೂ ಕೋರ್ಟಿನ ಅನುಮತಿ ತರಬೇಕು. ಫೀಸು ಕಟ್ಟುವ ಹೊತ್ತಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಅದರ ಬದಲು ಒಂದು ಟರ್ಮ್ ಇನ್ಶೂರೆನ್ಸ್, 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ, ಹೆಂಡತಿಯ ಹೆಸರಿಗೆ. ಆ ಹಣವನ್ನು ಸಾಲ ಕೊಟ್ಟವರೂ ಮುಟ್ಟುವ ಹಾಗಿಲ್ಲ, ಬೇರೆ ವಾರಸುದಾರರೂ ಪಾಲು ಕೇಳುವ ಹಾಗಿಲ್ಲ. ಸಕ್ಕರೆ ಕಾಯಿಲೆಯ ಕಾರಣಕ್ಕೆ ಕಂತು ಜಾಸ್ತಿ ಬಿತ್ತು. ಕಟ್ಟುತ್ತಿದ್ದಾರೆ.

ಇದೆಲ್ಲ ಕಾಗದದ ಕೆಲಸಕ್ಕೆ ನಾನು ಇಷ್ಟು ಸಮಯ ಕೊಟ್ಟದ್ದು ಡಾಕ್ಟರಿಗೆ ಸರಿ ಕಾಣಲಿಲ್ಲ. "ಆಕೆಯ ಅಂಡಾಣು ನಿಮ್ಮ ವಕೀಲರಿಗೆ ಕಾಯುವುದಿಲ್ಲ" ಅಂದರು. ಅವರ ಮಾತಲ್ಲೂ ಸತ್ಯ ಇದೆ. ನಾಲ್ಕು ತಿಂಗಳು ಹೋಯಿತು. ಈ ವಯಸ್ಸಿನಲ್ಲಿ ಅದು ಸಣ್ಣ ಹೊತ್ತಲ್ಲ. ಆದರೂ ಇನ್ನೊಂದು ಇಂಥ ಜೋಡಿ ಬಂದರೆ ನಾನು ಹೀಗೆಯೇ ಮಾಡುತ್ತೇನೆ.

ದಾನಿಯ ಅಂಡಾಣುವಿನ ಮಾತೂ ಬಂತು. ದಾನಿ 23ರಿಂದ 35ರ ಒಳಗಿನವಳು, ಜೀವನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ತೆಗೆಯುವ ಹಾಗಿಲ್ಲ. ಫಲ ಸಿಗುವ ಸಾಧ್ಯತೆ ಹೆಚ್ಚು, ಡೌನ್ ಸಿಂಡ್ರೋಮಿನ ಭಯವೂ ದಾನಿಯ ವಯಸ್ಸಿನ ಮಟ್ಟಕ್ಕೆ ಇಳಿಯುತ್ತದೆ. ಆಕೆ ಬೇಡ ಅಂದರು. ಕಾರಣ ನಾನು ಕೇಳಲಿಲ್ಲ. ಅತ್ತೆಯ ಸಮಾಧಾನಕ್ಕೆ ಕುಡುಪು ದೇವಸ್ಥಾನಕ್ಕೆ ಹೋಗಿ ನಾಗನಿಗೆ ಆಶ್ಲೇಷಾ ಬಲಿ ಪೂಜೆ ಮಾಡಿಸಿ ಬಂದರು. ಸ್ವಂತ ಅಂಡಾಣುವಿನಲ್ಲಿ ಎರಡು ಸುತ್ತು, ಅದಕ್ಕಿಂತ ಹೆಚ್ಚಿಲ್ಲ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದರು. ಡೌನ್ ಸಿಂಡ್ರೋಮಿನ ಪ್ರಶ್ನೆಗೆ ಇಬ್ಬರ ಉತ್ತರ ಇನ್ನೂ ಒಂದಾಗಿಲ್ಲ. ಕೊನೆಯ ಮಾತು ಆಕೆಯದ್ದು ಅಂತ ಮಾತ್ರ ಗಂಡ ಒಪ್ಪಿದ್ದಾರೆ.

ಮೊದಲ ಸುತ್ತು 2025ರ ಜನವರಿಯಲ್ಲಿ. ಮೂರು ಅಂಡಾಣು ಸಿಕ್ಕಿದವು, ಒಂದು ಭ್ರೂಣ ಆಯಿತು, ನಿಲ್ಲಲಿಲ್ಲ. ಮಗಳು ಫೋನ್ ಮಾಡಿ ಆಂಟಿಯ ಜೊತೆ ತುಂಬಾ ಹೊತ್ತು ಮಾತಾಡಿದಳಂತೆ. ಮಗನ ಅಭಿಪ್ರಾಯ ಬದಲಾಗಿಲ್ಲ. "ನನಗೆ ಈಗಲೂ ಸರಿ ಕಾಣುವುದಿಲ್ಲ" ಅಂತ ನನ್ನ ಹತ್ತಿರ ನೇರವಾಗಿ ಹೇಳಿದ. ಅಪ್ಪ ಈಗ ಅವನ ಪ್ರಾಜೆಕ್ಟ್ ಕೆಲಸಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗಿಬರುತ್ತಾರೆ, ದಾರಿಯಲ್ಲಿ ಹೆಚ್ಚಾಗಿ ಇಬ್ಬರೂ ಸುಮ್ಮನೆ ಇರುತ್ತಾರಂತೆ. ಎರಡನೇ ಸುತ್ತು ಏಪ್ರಿಲ್‌ಗೆ. ಮಾರ್ಚ್ ಕಳೆಯಲಿ, ಸೊಸೈಟಿಯ ವರ್ಷದ ಲೆಕ್ಕ ಮುಗಿಸಿ ರಜೆ ಹಾಕುತ್ತೇನೆ ಅಂದಿದ್ದಾರೆ ಆಕೆ.